ಉತ್ತರ ಕನ್ನಡದ ಹಳೇ ದೇವಸ್ಥಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್‌ನಿಂದ ಮೇ ತನಕ ಶಿರಸಿಯ ನಮ್ಮ ಮನೆಯಲ್ಲಿ ನೆಂಟರು ಖಾಲಿ ಆಗುವುದೇ ಇಲ್ಲ. ಅವರನ್ನು ಬನವಾಸಿಗೆ, ಸೋಂದಾಕ್ಕೆ, ಘಟ್ಟ ಇಳಿಸಿ ಗೋಕರ್ಣಕ್ಕೆ, ಭಟ್ಕಳಕ್ಕೆ ಕರೆದುಕೊಂಡು ಹೋಗುವುದು ಹೆಚ್ಚಾಗಿ ನಾನೇ. ದಾರಿಯಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ. ಹೇಳಿದ್ದನ್ನೇ ಹೇಳಲು ಬೇಜಾರಿಲ್ಲ. ಆದರೆ ಘಟ್ಟದ ತಿರುವಿನಲ್ಲಿ ಗಾಡಿ ಓಡಿಸುತ್ತ ಕದಂಬರ ಕಥೆ ಹೇಳುವುದು ಕಷ್ಟ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಈ ಜಿಲ್ಲೆಯ ಹಳೇ ದೇವಸ್ಥಾನಗಳನ್ನೆಲ್ಲ ಕಟ್ಟಿಸಿದ್ದು ಕದಂಬರು, ಅಲ್ವಾ?

ಎಲ್ಲವನ್ನೂ ಅಲ್ಲ. ನಮ್ಮ ಕಡೆ ಹಳೇ ಕಲ್ಲು ಕಂಡರೆ ಸಾಕು, "ಕದಂಬರ ಕಾಲದ್ದು" ಅಂದುಬಿಡುವ ರೂಢಿ ಇದೆ. ಕದಂಬರ ಮೇಲೆ ನಮಗೆ ಪ್ರೀತಿ ಜಾಸ್ತಿ, ಅದು ಸಹಜ. ಕನ್ನಡ ನಾಡಿನ ಮೊದಲ ಅರಸು ಮನೆತನ ನಮ್ಮ ಬನವಾಸಿಯಲ್ಲಿ ಹುಟ್ಟಿತು. ಆದರೆ ಕಾಲದ ಲೆಕ್ಕ ಹಿಡಿದರೆ ನಮ್ಮ ದೇವಸ್ಥಾನಗಳಲ್ಲಿ ಒಬ್ಬರ ಮೇಲೊಬ್ಬರ ಕೈ ಬಿದ್ದಿದೆ. 4ನೇ ಶತಮಾನದಿಂದ ಕದಂಬರು, ಆಮೇಲೆ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು ಮತ್ತು ಅವರ ಕೈಕೆಳಗಿದ್ದ ಹಾನಗಲ್ಲಿನ ಕದಂಬರು. ಮುಂದೆ ವಿಜಯನಗರ. ಅದರ ನೆರಳಿನಲ್ಲಿ ಬೆಳೆದವರು ಗೇರುಸೊಪ್ಪೆಯ ಸಾಳುವರು, ಸೋಂದೆಯ ನಾಯಕರು, ಬಿಳಗಿಯ ಅರಸರು, ಕೆಳದಿಯ ನಾಯಕರು. ನಾವು ಇವತ್ತು ಕಣ್ಣಾರೆ ನೋಡುವುದರಲ್ಲಿ ದೊಡ್ಡ ಪಾಲು ಈ ಕೊನೆಯ ಗುಂಪಿನದ್ದು, ಅಂದರೆ 15ರಿಂದ 18ನೇ ಶತಮಾನದ್ದು. ಅವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಅದೇ ಬೇಸರ.

ಬನವಾಸಿ ನಿಜವಾಗಿ ಎಷ್ಟು ಹಳೆಯದು?

ಕದಂಬರಿಗಿಂತ ಹಳೆಯದು. ಗ್ರೀಕ್ ಭೂಗೋಳಕಾರ ಟಾಲೆಮಿ 2ನೇ ಶತಮಾನದಲ್ಲೇ ಈ ಊರಿನ ಹೆಸರು ಬರೆದಿದ್ದಾನೆ. ಮಧುಕೇಶ್ವರ ದೇವಸ್ಥಾನದ ಅಂಗಳದಲ್ಲಿ ಐದು ಹೆಡೆಯ ಒಂದು ನಾಗರಕಲ್ಲು ಇದೆ. ಜನ ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ನೋಡಿ. ಅದರ ಅಂಚಿನಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರಹ ಇದೆ. ಚುಟು ಮನೆತನದ ರಾಜಕುಮಾರಿ ಶಿವಸ್ಕಂದನಾಗಶ್ರೀ ಒಂದು ನಾಗ, ಒಂದು ಕೆರೆ, ಒಂದು ವಿಹಾರ ದಾನ ಕೊಟ್ಟಳು ಎನ್ನುತ್ತದೆ ಅದು. ಕಲ್ಲು ಕೆತ್ತಿದವನು ದಾಮೋರಕನ ಶಿಷ್ಯ ನಟಕ ಅಂತಲೂ ಇದೆ. ಹೆಚ್ಚು ಕಡಿಮೆ 1,800 ವರ್ಷದ ಹಿಂದೆ ಒಬ್ಬ ಶಿಲ್ಪಿ ತನ್ನ ಹೆಸರನ್ನೂ ಗುರುವಿನ ಹೆಸರನ್ನೂ ಬರೆದಿಟ್ಟು ಹೋಗಿದ್ದಾನೆ. ನಾನು ಕರೆದುಕೊಂಡು ಹೋದವರಿಗೆಲ್ಲ ಮೊದಲು ತೋರಿಸುವುದು ಈ ಕಲ್ಲನ್ನೇ.

ಕದಂಬರ ಮಯೂರಶರ್ಮ ಬಂದಿದ್ದು ಅದಾದ ಮೇಲೆ, 345ರ ಸುಮಾರಿಗೆ. ಆಮೇಲೆ ಬಾದಾಮಿಯ ಇಮ್ಮಡಿ ಪುಲಕೇಶಿ ಈ ಊರನ್ನು ಮುತ್ತಿದ. 634ರ ಐಹೊಳೆ ಶಾಸನ ಬನವಾಸಿಯನ್ನು ವರದಾ ನದಿ ಸುತ್ತುವರಿದ ಜಲದುರ್ಗ ಎಂದು ಹೊಗಳುತ್ತದೆ. ಮಳೆಗಾಲದಲ್ಲಿ ವರದೆ ತುಂಬಿ ಗದ್ದೆಗೆ ಬಂದಾಗ ಹೋದರೆ ಆ ಮಾತು ಎಷ್ಟು ಸರಿ ಅಂತ ಗೊತ್ತಾಗುತ್ತದೆ.

ಮಧುಕೇಶ್ವರ ದೇವಸ್ಥಾನದಲ್ಲಿ ಯಾವ ಭಾಗ ಯಾವ ಕಾಲದ್ದು?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಒಳಗಿನಿಂದ ಹೊರಗೆ ನಡೆದುಕೊಂಡು ಬನ್ನಿ, ಕಾಲವೂ ನಿಮ್ಮ ಜೊತೆ ಮುಂದೆ ಬರುತ್ತದೆ.

ಗರ್ಭಗುಡಿಯ ಹತ್ತಿರದ ಭಾಗ ತುಂಬಾ ಸರಳ. ಚೌಕದ ದಪ್ಪ ಕಂಬ, ಕೆತ್ತನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕತ್ತಲು. ಇದು ಎಲ್ಲಕ್ಕಿಂತ ಹಳೇ ಪದರ. ಲಿಂಗದ ಬಣ್ಣ ಜೇನಿನ ಹಾಗೆ ಎನ್ನುತ್ತಾರೆ, ಮಧುಕೇಶ್ವರ ಎಂಬ ಹೆಸರಿಗೆ ಅದೇ ಕಾರಣ ಎಂಬುದು ಊರವರ ಮಾತು.

ಅಲ್ಲಿಂದ ಹೊರಗೆ ಬಂದರೆ ಅಗಲವಾದ ನೃತ್ಯ ಮಂಟಪ. ಇಲ್ಲಿ ಒಮ್ಮೆಲೇ ಎಲ್ಲ ಬದಲು. ಕಂಬಗಳನ್ನು ತಿರುಗಣಿಗೆ ಹಾಕಿ ತಿರುಗಿಸಿದ ಹಾಗೆ ದುಂಡಗೆ ಮಾಡಿದ್ದಾರೆ. ನುಣುಪು ಎಷ್ಟೆಂದರೆ ನಮ್ಮ ನೆರಳು ಬಿಂಬವಾಗಿ ಕಾಣುತ್ತದೆ. ಉಬ್ಬಿದ ಕಡೆ ನೇರವಾಗಿ, ತಗ್ಗಿದ ಕಡೆ ತಲೆಕೆಳಗಾಗಿ. ನಮ್ಮ ಅಕ್ಕನ ಮಗಳು ಅರ್ಧ ಗಂಟೆ ಒಂದೇ ಕಂಬದ ಮುಂದೆ ಕೈ ಬೀಸುತ್ತ ನಿಂತಿದ್ದಳು. ಇದು ಕಲ್ಯಾಣ ಚಾಲುಕ್ಯರ ಕಾಲದ ಕೈಚಳಕ. ಮೆತ್ತನೆಯ ಬಳಪದ ಕಲ್ಲು ಸಿಕ್ಕ ಮೇಲೆ ಶಿಲ್ಪಿಗಳು ಇಂಥ ಕೆಲಸಕ್ಕೆ ಕೈ ಹಾಕಿದರು. ಹಾನಗಲ್ಲಿನ ತಾರಕೇಶ್ವರದಲ್ಲೂ ಇದೇ ಕಾಲದ ಕೆಲಸ ಇದೆ. ಅಲ್ಲಿ ಮೇಲೆ ನೋಡಿದರೆ ಕಮಲದ ಮುಚ್ಚಿಗೆ, ಎಸಳ ಮೇಲೆ ಎಸಳು.

ಇನ್ನೂ ಹೊರಗೆ ಬಂದರೆ ಸೋಂದೆಯವರ ಪದರ. ಮೂರು ಲೋಕವನ್ನು ಕೆತ್ತಿದ ತ್ರೈಲೋಕ್ಯ ಮಂಟಪ, ಮತ್ತೆ ಆ ಪ್ರಸಿದ್ಧ ಕಲ್ಲಿನ ಮಂಚ. 1628ರಲ್ಲಿ ಸೋಂದೆಯ ಅರಸ ದೇವರಿಗೆ ಕೊಟ್ಟಿದ್ದು. ಕಲ್ಲೇ ಆದರೂ ಅದರ ಕಾಲು, ಮೇಲಿನ ಅಂಚು, ಬಳ್ಳಿ ಎಲ್ಲ ಮರದ ಕೆತ್ತನೆಯ ಹಾಗೇ ಇದೆ. ಬಡಗಿಯ ಕಣ್ಣಿದ್ದ ಕಲ್ಲುಕುಟಿಗ ಮಾಡಿದ ಕೆಲಸ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಭಟ್ಕಳದಲ್ಲಿ ಮತ್ತೆ ಬರುತ್ತದೆ.

ಪೌಳಿಯ ಸುತ್ತ ಅಷ್ಟದಿಕ್ಪಾಲಕರು ಹೆಂಡತಿಯರ ಜೊತೆ ವಾಹನ ಏರಿ ಕೂತಿದ್ದಾರೆ. ಅರ್ಧ ಗಣಪತಿ ಇದ್ದಾನೆ. ಎರಡೇ ಕೈಯ, ಶಾಂತವಾಗಿ ಕೂತ ನರಸಿಂಹನೂ ಇದ್ದಾನೆ. ಉಗುರು, ಕರುಳು, ರಕ್ತ ಏನೂ ಇಲ್ಲದ ನರಸಿಂಹ. ಮೂರ್ತಿ ಹಳೆಯದಾದಷ್ಟೂ ಕೈ ಕಡಿಮೆ ಎಂದು ಒಂದು ಅಂದಾಜು ಇಟ್ಟುಕೊಳ್ಳಬಹುದು. ಎಲ್ಲ ಕಡೆ ನಡೆಯುವ ನಿಯಮ ಅಲ್ಲ, ಆದರೆ ಕಣ್ಣಿಗೆ ಅಭ್ಯಾಸ ಆಗಲು ಒಳ್ಳೆಯದು.

ಬಸವನ ಒಂದು ಕಣ್ಣು ಶಿವನನ್ನು, ಇನ್ನೊಂದು ಕಣ್ಣು ಪಾರ್ವತಿಯನ್ನು ನೋಡುತ್ತದೆಯಂತೆ. ಹೌದಾ?

ಹಾಗೆ ಹೇಳುತ್ತಾರೆ. ಪಕ್ಕದ ಪಾರ್ವತಿ ಗುಡಿಯಲ್ಲಿ ನಿಂತು ಕಂಬಗಳ ಸಂದಿಯಿಂದ ಇಣುಕಿ ನೋಡಿ, ಬಸವನ ಕಣ್ಣು ಸಿಗುತ್ತದೆ. ಇಷ್ಟೊಂದು ಕಂಬಗಳ ನಡುವೆ ಆ ಒಂದು ಗೆರೆ ಬಿಟ್ಟಿದ್ದು ಸುಮ್ನೆ ಅಲ್ಲ ಅಂತ ನನಗೆ ಅನ್ನಿಸುತ್ತದೆ.

"ಕದಂಬ ಶಿಖರ" ಅಂದರೆ ಯಾವುದು? ಗುರುತಿಸುವುದು ಹೇಗೆ?

ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತ ಸಣ್ಣದಾಗುವ ಶಿಖರ. ತಟ್ಟೆ ಮೇಲೆ ತಟ್ಟೆ ಇಟ್ಟ ಹಾಗೆ, ತುದಿಯಲ್ಲಿ ಕಲಶ. ಗೋಪುರದ ಹಾಗೆ ಬೊಂಬೆ ತುಂಬಿರುವುದಿಲ್ಲ. ಈ ಮಾದರಿ ಕದಂಬರ ನಂತರವೂ ಶತಮಾನಗಟ್ಟಲೆ ಉಳಿಯಿತು. ಗೋವಾದ ಕಡೆ, ಬೆಳಗಾವಿ ಕಡೆ, ಹೊಯ್ಸಳರ ನಾಡಿನಲ್ಲೂ ಕಾಣುತ್ತದೆ. ಹಾಗಾಗಿ ಮೆಟ್ಟಿಲು ಶಿಖರ ಕಂಡ ಕೂಡಲೇ ಕದಂಬರೇ ಕಟ್ಟಿಸಿದ್ದು ಎನ್ನಬೇಡಿ. ಶೈಲಿಯ ಹೆಸರು ಬೇರೆ, ಕಟ್ಟಿಸಿದವರ ಹೆಸರು ಬೇರೆ.

ಬನವಾಸಿಗೆ ಹೋದಾಗ ಹತ್ತಿರ ಇನ್ನೇನು ನೋಡಬಹುದು?

ಗುಡ್ನಾಪುರ. ದೊಡ್ಡ ಕೆರೆ, ದಂಡೆಯ ಮೇಲೆ ಬಂಗಾರೇಶ್ವರ ಗುಡಿ. ಇಲ್ಲಿ ಕದಂಬ ರವಿವರ್ಮನ ಶಾಸನದ ಕಂಬ ಸಿಕ್ಕಿದೆ, ಅದರಲ್ಲಿ ಕಾಮದೇವನ ಆಲಯದ ಮಾತು ಬರುತ್ತದೆ. ಅಗೆದಾಗ ಇಟ್ಟಿಗೆಯ ಕಟ್ಟಡದ ತಳಪಾಯವೂ ಸಿಕ್ಕಿತು. ಆ ಕಾಲದ ಕಟ್ಟಡಗಳು ಯಾಕೆ ಉಳಿದಿಲ್ಲ ಎಂಬುದಕ್ಕೆ ಅಲ್ಲೇ ಉತ್ತರ ಇದೆ. ಇಟ್ಟಿಗೆ ಮತ್ತು ಮರ, ನಮ್ಮ ಮಳೆಗೆ ಎಷ್ಟು ದಿನ ತಡೆದೀತು?

ಕರಾವಳಿಯ ದೇವಸ್ಥಾನಗಳು ಮನೆಯ ಹಾಗೆ ಯಾಕೆ ಕಾಣುತ್ತವೆ? ಬೇಲೂರಿನ ಥರ ಯಾಕಿಲ್ಲ?

ಮಳೆ. ಒಂದೇ ಮಾತಿನಲ್ಲಿ ಹೇಳಬೇಕಾದರೆ ಇಷ್ಟೇ. ಹೊನ್ನಾವರ, ಭಟ್ಕಳದ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಬೀಸಿದರೆ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡಕ್ಕೆ ಹೊಡೆಯುತ್ತದೆ. ಬಯಲುಸೀಮೆಯ ಸಮತಟ್ಟಾದ ಕಲ್ಲಿನ ಮಾಡು ಇಲ್ಲಿ ಸೋರುತ್ತದೆ. ಗೋಡೆಯ ನವಿರಾದ ಕೆತ್ತನೆಗೆ ಎರಡೇ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ.

ಇನ್ನು ಕಲ್ಲು. ಕೈಗೆ ಸುಲಭವಾಗಿ ಸಿಗುವುದು ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ. ಭೂಮಿಯೊಳಗೆ ಇರುವಾಗ ಕೊಡಲಿಯಲ್ಲಿ ಕಡಿಯಬಹುದು, ಹೊರಗೆ ಬಂದು ಗಾಳಿ ಕುಡಿದ ಮೇಲೆ ಗಟ್ಟಿಯಾಗುತ್ತದೆ. ಗೋಡೆ ಕಟ್ಟಲು ಇದಕ್ಕಿಂತ ಒಳ್ಳೆ ಕಲ್ಲಿಲ್ಲ. ಆದರೆ ಮೈತುಂಬ ತೂತು. ಇದರಲ್ಲಿ ಶಿಲಾಬಾಲಿಕೆಯ ಮೂಗು ಕೆತ್ತಲು ಆಗುವುದಿಲ್ಲ.

ಹಾಗಾಗಿ ನಮ್ಮವರು ಬೇರೆ ದಾರಿ ಹಿಡಿದರು. ಚಿರೆಕಲ್ಲಿನ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ, ಇಳಿಜಾರು ಮಾಡು, ಉದ್ದಕ್ಕೆ ಚಾಚಿದ ಸೂರು, ಒಳಗೆ ಮರದ ಕಂಬ, ಮರದ ಮುಚ್ಚಿಗೆ. ಮಾಡಿಗೆ ಸೋಗೆ ಅಥವಾ ನಾಡಹೆಂಚು, ಅನುಕೂಲ ಇದ್ದಲ್ಲಿ ತಾಮ್ರದ ತಗಡು. ಮಂಗಳೂರು ಹೆಂಚು ಬಂದಿದ್ದು 1860ರ ದಶಕದಿಂದ ಈಚೆಗೆ. ಶೃಂಗಾರವನ್ನೆಲ್ಲ ಮಳೆ ಮುಟ್ಟದ ಜಾಗಕ್ಕೆ ಒಯ್ದರು: ಬಾಗಿಲ ಚೌಕಟ್ಟಿಗೆ, ಮುಚ್ಚಿಗೆಗೆ, ಚಂದ್ರಶಾಲೆಯ, ಅಂದರೆ ಗುಡಿಯ ಪಡಸಾಲೆಯ ಕಂಬಕ್ಕೆ. ಬೇಲೂರಿನಲ್ಲಿ ಹೊರಗೆ ಸುತ್ತಿ ನೋಡಬೇಕು. ಇಲ್ಲಿ ಒಳಗೆ ಹೋಗಿ ತಲೆ ಎತ್ತಿ ನೋಡಬೇಕು.

ಭಟ್ಕಳದಲ್ಲಿ ನೋಡುವಂಥದ್ದು ಏನಿದೆ? ನಾವು ಮುರ್ಡೇಶ್ವರ ನೋಡಿ ವಾಪಸ್ ಬಂದುಬಿಟ್ಟೆವು.

ಎಲ್ಲರೂ ಹಾಗೇ ಮಾಡುತ್ತಾರೆ! ಮುಂದಿನ ಸಲ ಎರಡು ಗಂಟೆ ಇಟ್ಟುಕೊಂಡು ಹೋಗಿ. ಖೇತಪೈ ನಾರಾಯಣ ದೇವಸ್ಥಾನ ನೋಡಲೇಬೇಕು. 16ನೇ ಶತಮಾನದ್ದು, ಒಬ್ಬ ಖೇತಪೈ ಕಟ್ಟಿಸಿದ್ದರಿಂದ ಆ ಹೆಸರು. ಆಗ ಭಟ್ಕಳ ದೊಡ್ಡ ಬಂದರು. ಕಾಳುಮೆಣಸು ಹಡಗು ಹತ್ತುತ್ತಿತ್ತು, ಅರಬ್ ನಾಡಿನ ಕುದುರೆ ಇಳಿಯುತ್ತಿತ್ತು. ಆ ದುಡ್ಡು ಗುಡಿಗಳಾಗಿ ನಿಂತಿತು.

ಕಟ್ಟಡ ಚಿಕ್ಕದು. ಆದರೆ ಅದರ ಮಾಡು ನೋಡಿ. ಕಲ್ಲಿನ ಚಪ್ಪಡಿಗಳನ್ನು ಮರದ ಹಲಗೆಯ ಹಾಗೆ ಇಳಿಜಾರಾಗಿ ಜೋಡಿಸಿದ್ದಾರೆ. ಗೋಡೆಯ ಜಾಗದಲ್ಲಿ ಕಲ್ಲಿನ ಜಾಲರಿ. ಹತ್ತಿರ ಹೋಗಿ ನೋಡಿದರೆ ಮನೆಯ ಜಗುಲಿಯ ಮರದ ಪಟ್ಟಿಗಳನ್ನೇ ಕಲ್ಲಿನಲ್ಲಿ ತೆಗೆದಿದ್ದಾರೆ ಎಂದು ತಿಳಿಯುತ್ತದೆ. ಗಾಳಿ ಬರುತ್ತದೆ, ಬೆಳಕು ತುಂಡು ತುಂಡಾಗಿ ಬರುತ್ತದೆ, ಮಳೆ ಹೊರಗೇ ನಿಲ್ಲುತ್ತದೆ. ಹೊರಗೋಡೆಯ ಮೇಲೆ ರಾಮಾಯಣದ ಸನ್ನಿವೇಶಗಳು ಸಾಲಾಗಿ ಇವೆ. ಬೆರಳುದ್ದದ ಮನುಷ್ಯರು, ಆದರೂ ಯಾರು ಯಾರೆಂದು ಗೊತ್ತಾಗುತ್ತದೆ. ಬನವಾಸಿಯ ಕಲ್ಲಿನ ಮಂಚದ ಬಗ್ಗೆ ಹೇಳಿದ್ದು ಇದಕ್ಕೇ. ನಮ್ಮ ಕರಾವಳಿಯಲ್ಲಿ ಕಲ್ಲು ಮರವನ್ನು ನೋಡಿ ಕಲಿತಿದೆ.

ಕರಾವಳಿಯ ಇಂಥ ಕಟ್ಟಡಗಳನ್ನು ಕಂಡ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಫರ್ಗುಸನ್‌ಗೆ ನೇಪಾಳದ ನೆನಪಾಯಿತು. ಎರಡು ಕಡೆಯೂ ಮರದ ಮನೆ, ಇಳಿಜಾರು ಮಾಡು. ಸಂಬಂಧ ಹುಡುಕಲು ಅಷ್ಟು ದೂರ ಹೋಗುವುದು ಬೇಡ, ಪಕ್ಕದ ತೋಟದ ಮನೆ ನೋಡಿದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಅಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಇದೆ. ಮುಂದೆ ಎತ್ತರದ ಕಲ್ಲುಕಂಬ. ಎರಡನ್ನೂ ಒಟ್ಟಿಗೇ ನೋಡಿ.

ಗೇರುಸೊಪ್ಪೆಯದ್ದು ಜೈನ ಬಸದಿ. ಹಿಂದೂ ದೇವಸ್ಥಾನದ ಮಾತಿನಲ್ಲಿ ಅದು ಯಾಕೆ?

ಕಟ್ಟಿದ ಕೈಗಳು ಬೇರೆ ಬೇರೆ ಅಲ್ಲ, ಅದಕ್ಕೆ. ಗೇರುಸೊಪ್ಪೆಯ ಸಾಳುವ ಅರಸರು ಜೈನರು. ಅವರ ನಾಡಿನಲ್ಲೇ ಶಿವನ ಗುಡಿ, ವಿಷ್ಣುವಿನ ಗುಡಿ ಎಲ್ಲ ಎದ್ದವು. ನಗರಬಸ್ತಿಕೇರಿಯಲ್ಲಿ ಬಸದಿಗಳ ಜೊತೆ ವೀರಭದ್ರನ ಗುಡಿಯೂ ಇದೆ. ರಾಣಿ ಚೆನ್ನಭೈರಾದೇವಿ 16ನೇ ಶತಮಾನದ ನಡುವಿನಿಂದ 17ನೇ ಶತಮಾನದ ಶುರುವಿನ ತನಕ, ಐವತ್ತು ವರ್ಷಕ್ಕೂ ಜಾಸ್ತಿ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕೊನೆಗೆ ಕೆಳದಿಯವರು ಅವಳನ್ನು ಸೆರೆ ಹಿಡಿದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಹೋಗುವಾಗ ಗೇರುಸೊಪ್ಪೆ ಆಗಲೇ ಹಾಳು ಬಿದ್ದಿತ್ತು.

ಈಗ ಉಳಿದಿರುವ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಲ್ಲಿ ನಿಂತರೂ ಎದುರಿಗೆ ಒಬ್ಬ ತೀರ್ಥಂಕರ. ಶಿಖರ ಇಲ್ಲ. ಸುತ್ತ ಕಾಡು, ಕೆಳಗೆ ಶರಾವತಿ. ನಮ್ಮ ಜಿಲ್ಲೆಯಲ್ಲಿ ನನಗೆ ಇದಕ್ಕಿಂತ ಚೆಂದದ ಜಾಗ ಇಲ್ಲ.

ಗೋಕರ್ಣದ ಮಹಾಬಲೇಶ್ವರ ಯಾವ ರಾಜರ ಕಾಲದ್ದು?

ಕ್ಷೇತ್ರ ತುಂಬಾ ಹಳೆಯದು, ಕಾಳಿದಾಸನೂ ದಕ್ಷಿಣ ಸಮುದ್ರದ ದಡದ ಗೋಕರ್ಣವನ್ನು ಹೆಸರಿಸುತ್ತಾನೆ. ಕಟ್ಟಡಕ್ಕೆ ಅಷ್ಟು ವಯಸ್ಸಿಲ್ಲ. ಪೂಜೆ ನಿಲ್ಲದೆ ನಡೆದ ಜಾಗ, ಪ್ರತಿ ಕಾಲದವರೂ ದುರಸ್ತಿ ಮಾಡಿಸುತ್ತ ಬಂದಿದ್ದಾರೆ. ವಿಜಯನಗರದವರ, ಕೆಳದಿಯವರ ದಾನ ಇದೆ. 1665ರಲ್ಲಿ ಬಸರೂರಿನ ದಾಳಿ ಮುಗಿಸಿ ಶಿವಾಜಿ ಇಲ್ಲಿಗೆ ಬಂದು ಪೂಜೆ ಮಾಡಿ ಮುಂದೆ ಕಾರವಾರಕ್ಕೆ ಹೋದ.

ಗೋಕರ್ಣದಲ್ಲಿ ಹಳೆಯದನ್ನು ನೋಡಬೇಕಾದರೆ ಪಕ್ಕದ ಮಹಾಗಣಪತಿ ಗುಡಿಗೆ ಹೋಗಿ. ಎರಡೇ ಕೈ, ನಿಂತ ಗಣಪತಿ, ಡೊಳ್ಳು ಹೊಟ್ಟೆಯ ಪುಟ್ಟ ಹುಡುಗನ ಹಾಗೆ. ಆತ್ಮಲಿಂಗ ಕೈತಪ್ಪಿದ ಸಿಟ್ಟಿನಲ್ಲಿ ರಾವಣ ಗುದ್ದಿದ ಎನ್ನುವ ತಗ್ಗು ತಲೆಯ ಮೇಲಿದೆ. ಇಡಗುಂಜಿಯ ಗಣಪತಿಯೂ ಇದೇ ಥರ, ಎರಡು ಕೈ, ನಿಂತ ಭಂಗಿ, ಕಾಲ ಬಳಿ ಇಲಿ ಇಲ್ಲ. ಒಂದೇ ದಿನ ಇಬ್ಬರನ್ನೂ ನೋಡಿದರೆ ಅಣ್ಣತಮ್ಮ ಎನ್ನುವುದು ಯಾರು ಹೇಳದೆಯೂ ತಿಳಿಯುತ್ತದೆ.

ಆತ್ಮಲಿಂಗದ ಐದು ಕ್ಷೇತ್ರ ಯಾವುವು ಎಂದೂ ಕೇಳುತ್ತಾರೆ: ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಕಾರವಾರದ ಶೇಜವಾಡದ ಶೇಜ್ಜೇಶ್ವರ.

ಸೋಂದಾದಲ್ಲಿ ಏನಿತ್ತು? ಈಗ ಸುಮ್ನೆ ಹಳ್ಳಿ ಥರ ಇದೆಯಲ್ಲ.

ಸೋಂದೆಯ ನಾಯಕರ ರಾಜಧಾನಿ ಇತ್ತು. 16ನೇ ಶತಮಾನದ ನಡುವಿನಿಂದ 1763-64ರ ತನಕ, ಹೈದರಾಲಿಯ ಸೈನ್ಯ ಬರುವವರೆಗೂ. ಅರಸಪ್ಪ ನಾಯಕನ ಕಾಲದಲ್ಲಿ ಮಾಧ್ವ ಯತಿ ವಾದಿರಾಜರು ಇಲ್ಲಿ ನೆಲೆ ನಿಂತರು, ಅವರ ವೃಂದಾವನ ಇಲ್ಲೇ ಇದೆ. ರಮಾ ತ್ರಿವಿಕ್ರಮ ದೇವಸ್ಥಾನದ ಗರ್ಭಗುಡಿಯನ್ನು ರಥದ ಹಾಗೆ ಮಾಡಿದ್ದಾರೆ. ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನ ಮಠ ಮೂರೂ ಕೂಗಳತೆಯಲ್ಲಿ ಎನ್ನುವ ಹಾಗೆ ಇವೆ. ಒಂದು ಸಣ್ಣ ಸಂಸ್ಥಾನ ಮೂರಕ್ಕೂ ಜಾಗ ಕೊಟ್ಟಿತ್ತು.

ಸಹಸ್ರಲಿಂಗವೂ ಇವರದ್ದೇ. ಶಾಲ್ಮಲಾ ಹೊಳೆಯ ಬಂಡೆ ಬಂಡೆಯ ಮೇಲೂ ಲಿಂಗ, ಎದುರಿಗೆ ಬಸವ. 1678ರಿಂದ 1718ರ ತನಕ ಆಳಿದ ಸದಾಶಿವರಾಯ ಕೆತ್ತಿಸಿದ ಎನ್ನುತ್ತಾರೆ. ಗೋಡೆ ಇಲ್ಲ, ಮಾಡು ಇಲ್ಲ, ಬಾಗಿಲು ಇಲ್ಲ. ಮಳೆಗಾಲದಲ್ಲಿ ಹೊಳೆಯೇ ಅಭಿಷೇಕ ಮಾಡುತ್ತದೆ. ನೀರು ಇಳಿದ ಮೇಲೆ, ನವೆಂಬರ್‌ನಿಂದ ಈಚೆ ಹೋಗಿ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಶಿರಸಿ ಮಾರಿಕಾಂಬೆ ಗುಡಿಗೂ ರಾಜರಿಗೂ ಸಂಬಂಧ ಇದೆಯಾ?

ಕಾಲ ಸೋಂದೆಯವರದ್ದೇ, 1688. ಆದರೆ ಕಥೆ ಜನರದ್ದು. ಹಾನಗಲ್ಲಿನ ಕಡೆಯಿಂದ ಬಂದ ಪೆಟ್ಟಿಗೆ ಶಿರಸಿಯ ಕೆರೆ ಸೇರಿತು, ಭಕ್ತನೊಬ್ಬನಿಗೆ ದೇವಿ ಕನಸಿನಲ್ಲಿ ಹೇಳಿದಳು, ಕೆರೆಯಿಂದ ಎತ್ತಿದರು. ಅದಕ್ಕೇ ಅದು ದೇವಿಕೆರೆ. ಮೂರ್ತಿ ಕಲ್ಲಿನದಲ್ಲ, ಮರದ್ದು. ಏಳು ಅಡಿ ಎತ್ತರ, ಎಂಟು ಕೈ. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ದೇವಿ ತೇರಿನಲ್ಲಿ ಬಿಡಕಿಬೈಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ಆ ವಾರ ಶಿರಸಿಯಲ್ಲಿ ಯಾರ ಮನೆಯಲ್ಲೂ ಮಲಗಲು ಜಾಗ ಇರುವುದಿಲ್ಲ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಿದ್ದರು, ಕೋಣನ ಬಲಿ ನಿಂತಿದ್ದು ಆ ಕಾಲದಲ್ಲಿ.

ಗೋಡೆಯ ಮೇಲಿನ ಆ ಕೆಂಪು ಬಿಳಿ ಚಿತ್ರಗಳು ಯಾವ ಬಣ್ಣದಲ್ಲಿ ಬರೆದಿದ್ದು?

ಬರೆದಿದ್ದಲ್ಲ, ಕೆರೆದಿದ್ದು. ಇದೇ ಕಾವಿ ಕಲೆ. ನಮ್ಮ ಜಿಲ್ಲೆಯ, ಗೋವಾದ, ಕೊಂಕಣದ ಹೆಮ್ಮೆ. ಮಾರಿಕಾಂಬೆ ಗುಡಿಯಲ್ಲಿದೆ, ಅಂಕೋಲಾ, ಕುಮಟಾ ಕಡೆಯ ಹಳೇ ಗುಡಿಗಳಲ್ಲೂ ಇದೆ.

ಮಾಡುವ ರೀತಿ ಹೀಗೆ. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರೆ. ಅದಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಸಿ, ಕುಟ್ಟಿ ಬೆಣ್ಣೆಯ ಹಾಗೆ ಮಾಡುತ್ತಾರೆ. ಗೋಡೆಗೆ ಈ ಬಿಳಿ ಗಾರೆ. ಅದು ಹಸಿ ಇರುವಾಗಲೇ ಮೇಲೆ ಹುರುಮಂಜಿ, ಅಂದರೆ ಕಾವಿ ಕೆಂಪು ಸೇರಿಸಿದ ತೆಳು ಪದರ. ಆಮೇಲೆ ಉಕ್ಕಿನ ಕಂಟದಲ್ಲಿ, ಅಂದರೆ ಚೂಪು ಕಡ್ಡಿಯಲ್ಲಿ ಗೆರೆ ಹಾಕಿ, ಬೇಡದ ಕಡೆ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆಳಗಿನ ಬಿಳಿ ಹೊರಗೆ ಬರುತ್ತದೆ. ಗೋಡೆ ಒಣಗುವ ಮೊದಲು ಕೆಲಸ ಮುಗಿಯಬೇಕು. ತಪ್ಪಿದರೆ ಒರೆಸಿ ತಿದ್ದುವ ಹಾಗಿಲ್ಲ. ಸುಣ್ಣ ಗಾಳಿ ಹೀರಿ ಕಲ್ಲಾಗುತ್ತದೆ. ಮತ್ತೆ ನೂರು ಮಳೆಗಾಲಕ್ಕೂ ಅದು ಅಲ್ಲಾಡುವುದಿಲ್ಲ.

ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ಸುತ್ತಿ ಇದನ್ನು ದಾಖಲೆ ಮಾಡಿದರು. ಅವರು ನೋಡಿದ ಗೋಡೆಗಳಲ್ಲಿ ಎಷ್ಟೋ ಈಗ ಇಲ್ಲ.

ಕಾರವಾರ, ಅಂಕೋಲಾದ ಎಷ್ಟೋ ದೇವರು ಗೋವಾದಿಂದ ಬಂದದ್ದಂತೆ. ಹೌದಾ?

ಹೌದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾದಲ್ಲಿ ಗುಡಿಗಳನ್ನು ಕೆಡವಿದರು, 1560ರಲ್ಲಿ ಇನ್ಕ್ವಿಸಿಷನ್, ಅಂದರೆ ಚರ್ಚಿನ ಧರ್ಮ ವಿಚಾರಣೆ ಶುರುವಾಯಿತು. ಜನ ರಾತ್ರೋರಾತ್ರಿ ದೇವರನ್ನು ಹೊತ್ತು ಹೊರಟರು. ಕೆಲವರು ಫೋಂಡಾದ ಕಡೆ, ಕೆಲವರು ಕಾಳಿ ನದಿ ದಾಟಿ ದಕ್ಷಿಣಕ್ಕೆ. ಬಾಣಾವಳಿಯ ಕಾತ್ಯಾಯನಿ ಅವರ್ಸಾಕ್ಕೆ ಬಂದಳು. ಕಾರವಾರದ ಎದುರಿನ ಅಂಜುದೀವ ದ್ವೀಪದ ಆರ್ಯಾದುರ್ಗೆ ಅಂಕೋಲಾಕ್ಕೆ ಬಂದಳು. ಗೋವಾದಲ್ಲಿ ನೆಲೆಸಿದವರು ಇವತ್ತಿಗೂ ಕುಲದೇವರಿಗೆ ಕಾಯಿ ಒಡೆಯಲು ಈ ಕಡೆ ಬರುತ್ತಾರೆ.

ಎರಡು ಶತಮಾನ ಕಳೆದ ಮೇಲೆ ದಾರಿ ತಿರುಗಿತು. ಹೈದರಾಲಿಗೆ ರಾಜ್ಯ ಕಳೆದುಕೊಂಡ ಸೋಂದೆಯ ಅರಸ ಆಶ್ರಯ ಕೇಳಿ ಹೋಗಿದ್ದು ಗೋವಾಕ್ಕೆ, ಅದೇ ಪೋರ್ಚುಗೀಸರ ಹತ್ತಿರ. ಅವನ ವಂಶದವರು ಬಾಂದಿವಡೆಯಲ್ಲಿ ನೆಲೆ ನಿಂತರು. ಕಾರವಾರದ ಸದಾಶಿವಗಡ ಸೋಂದೆಯವರು ಕಟ್ಟಿದ ಕೋಟೆ, ಹೆಸರು ಸದಾಶಿವರಾಯನದ್ದು. ಕಾಳಿ ಸೇತುವೆ ದಾಟುವಾಗ ಆ ಗುಡ್ಡ ನೋಡಿದರೆ ನನಗೆ ಈ ಎರಡೂ ಪ್ರಯಾಣ ನೆನಪಾಗುತ್ತವೆ.

ಮುರ್ಡೇಶ್ವರದ ಗೋಪುರ ಎಷ್ಟು ಹಳೆಯದು?

2008ರದ್ದು. 20 ಅಂತಸ್ತು. ಶಿವನ ಮೂರ್ತಿ 123 ಅಡಿ. ಎರಡನ್ನೂ ಕಟ್ಟಿಸಿದವರು ಉದ್ಯಮಿ ಆರ್.ಎನ್. ಶೆಟ್ಟಿ. ಅಂಥ ರಾಜಗೋಪುರ ತಮಿಳುನಾಡಿನ ಮಾದರಿ, ನಮ್ಮ ಕರಾವಳಿಯ ಹಳೇ ಪದ್ಧತಿ ಅಲ್ಲ. ಸಮುದ್ರದ ಕಡೆಯಿಂದ ನೋಡಲು ಮಾತ್ರ ಬಹಳ ಚೆಂದ.

ರಾಜರ ಹೆಸರೇ ಇಲ್ಲದ ಗುಡಿಗಳ ಬಗ್ಗೆ?

ಅವೇ ಜಾಸ್ತಿ. ಜಟಗ, ಚೌಡಿ, ಹುಲಿದೇವ, ಬೀರ. ಒಂದು ಕಲ್ಲು, ಒಂದು ಮರ, ಹೆಚ್ಚೆಂದರೆ ನಾಲ್ಕು ಕಂಬದ ಮಾಡು. ಯಾಣದ ಭೈರವೇಶ್ವರನಿಗೆ ಗೋಪುರವಾಗಿ ನಿಂತಿದ್ದು 120 ಮೀಟರಿನ ಕಪ್ಪು ಬಂಡೆ. ಕಾರವಾರದ ಕೂರ್ಮಗಡ ದ್ವೀಪದ ನರಸಿಂಹನಿಗೆ ಪುಷ್ಯ ಹುಣ್ಣಿಮೆಯ ಜಾತ್ರೆ, ಭಕ್ತರೆಲ್ಲ ದೋಣಿಯಲ್ಲೇ ಹೋಗಬೇಕು. ಬಾಳೆಗೊನೆ ಹರಕೆ. ಕಾರವಾರದಲ್ಲೇ ಖಾಪ್ರಿ ದೇವರಿದ್ದಾನೆ, ಆಫ್ರಿಕಾ ಮೂಲದ ದೇವರು ಎನ್ನುತ್ತಾರೆ. ಅವನಿಗೆ ಬೀಡಿ ಸಿಗರೇಟು ಹರಕೆ.

ನಮ್ಮೂರಿನ ಗುಡಿ ಜೀರ್ಣೋದ್ಧಾರ ಮಾಡಬೇಕು ಅಂತ ಇದ್ದೇವೆ. ಏನು ನೋಡಿಕೊಳ್ಳಬೇಕು?

ಈ ಪ್ರಶ್ನೆ ಕೇಳಿದವರಿಗೆ ನಾನು ಒಂದು ತುಂಡು ತೋರಿಸುತ್ತೇನೆ. ಅಂಗೈ ಅಗಲದ್ದು. ಒಂದು ಕಡೆ ಬಿಳಿ ಗಾರೆ ಅರ್ಧ ಇಂಚು, ಅದರ ಮೇಲೆ ಕೆಂಪು, ಉಗುರಿನಷ್ಟು ದಪ್ಪ ಇದ್ದರೆ ಹೆಚ್ಚು. ಕೆಂಪಿನಲ್ಲಿ ಬಳ್ಳಿಯ ಒಂದು ತಿರುವು ಮತ್ತು ಒಂದೂವರೆ ಎಲೆ. ಅಜ್ಜನ ಮನೆ ಊರಿನ ಗುಡಿಯದ್ದು, ಊರಿನ ಹೆಸರು ಬೇಡ. ಚಿಕ್ಕವನಿದ್ದಾಗ ಪ್ರಸಾದಕ್ಕೆ ಕಾಯುತ್ತ ಆ ಬಳ್ಳಿಯ ಮೇಲೆ ಬೆರಳು ಆಡಿಸುತ್ತಿದ್ದೆ. ಕೊನೆಗೆ ಗಂಡಭೇರುಂಡದ ಕಾಲಿನ ಹತ್ತಿರ ಬಳ್ಳಿ ಮುಗಿಯುತ್ತಿತ್ತು. ಒಂದು ಸಲ ಹೋದಾಗ ಗೋಡೆಯ ಮೇಲೆ ಹೊಳೆಯುವ ಟೈಲ್ಸ್. ಸಿಮೆಂಟ್ ಹಿಡಿಯಲಿ ಅಂತ ಚಿತ್ರದ ಮೇಲೆಲ್ಲ ಸುತ್ತಿಗೆಯಲ್ಲಿ ಚಚ್ಚಿದ್ದರು. ತುಂಡುಗಳು ಹಿಂದಿನ ತೋಟದ ಬದುವಿನಲ್ಲಿ ಬಿದ್ದಿದ್ದವು. ಇದೊಂದನ್ನು ತಂದೆ. ಮಾಡಿಸಿದವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿಸಿದ್ದರು. ಹಳೇ ಗೋಡೆ ಕೊಳೆಯಾಗಿ ಕಂಡಿತ್ತು, ಅಷ್ಟೇ.

ಈಗ ಎಲ್ಲ ಕಡೆ "ಶಿಲಾಮಯ" ಮಾಡುವ ಆಸೆ. ಚಿರೆಕಲ್ಲು, ಮರ, ಹೆಂಚಿನ ಗುಡಿ ಕೆಡವಿ ಹೊರಗಿನಿಂದ ಕಪ್ಪು ಕಲ್ಲು ತರಿಸುತ್ತಾರೆ. ಕಲ್ಲಿನದ್ದೇ ಹಳೇ ಪದ್ಧತಿ ಎಂಬ ನಂಬಿಕೆ. ನಮ್ಮ ಕರಾವಳಿಯ ಹಳೇ ಪದ್ಧತಿ ಈಗ ಕೆಡವುತ್ತಿರುವುದೇ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಎಲ್ಲ ಗೋಡೆ, ಮುಚ್ಚಿಗೆ, ಬಾಗಿಲಿನ ಫೋಟೋ ತೆಗೆಯಿರಿ. ಮಾಡು ಸೋರಿದರೆ ಮಾಡನ್ನು ಮಾತ್ರ ಸರಿ ಮಾಡಿ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿಯಬೇಡಿ, ತೇವ ಒಳಗೇ ಸಿಕ್ಕಿ ಗೋಡೆ ಉಬ್ಬುತ್ತದೆ. ಮರಕ್ಕೆ, ಕಲ್ಲಿಗೆ ಎಣ್ಣೆ ಪೇಂಟ್ ಬೇಡ. ಹಳೇ ಕಂಬ ತೆಗೆಯಲೇಬೇಕಾದರೆ ಮಾರಬೇಡಿ, ಚಂದ್ರಶಾಲೆಯಲ್ಲಿ ಕೂರಿಸಿ. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕ ಹತ್ತಿರ ಇದ್ದರೆ, ಅದರಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು.

ತೋಟದಲ್ಲಿ ಕೆತ್ತಿದ ಕಲ್ಲು ಸಿಕ್ಕಿದೆ. ಏನು ಮಾಡಲಿ?

ತೊಳೆಯಬೇಡಿ, ಉಜ್ಜಬೇಡಿ, ಆಸಿಡ್ ಅಂತೂ ಬೇಡವೇ ಬೇಡ. ಮೂರು ಅಂಕಣ ಇದ್ದು ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ ಇದ್ದರೆ ಅದು ವೀರಗಲ್ಲು. ಬಳೆ ತೊಟ್ಟ ಎತ್ತಿದ ಕೈ ಇದ್ದರೆ ಮಾಸ್ತಿಕಲ್ಲು. ಅಕ್ಷರ ಇದ್ದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಆಗ ಗೆರೆ ಚೆನ್ನಾಗಿ ಕಾಣುತ್ತದೆ. ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೂ ಹೇಳಿ.

ಬರಲು ಒಳ್ಳೆ ಸಮಯ ಯಾವುದು?

ಆರಾಮಾಗಿ ಸುತ್ತಬೇಕಾದರೆ ನವೆಂಬರ್‌ನಿಂದ ಫೆಬ್ರವರಿ. ಬನವಾಸಿಗೆ ಬೆಳಿಗ್ಗೆ ಹೋಗಿ, ಕಂಬದ ಬಿಂಬ ಆಗ ಚೆನ್ನಾಗಿ ಕಾಣುತ್ತದೆ. ಗೋಕರ್ಣದಲ್ಲಿ ಗಂಡಸರು ಅಂಗಿ ತೆಗೆಯಬೇಕು, ಪಂಚೆ ತನ್ನಿ. ಒಳಗೆ ಫೋಟೋ ತೆಗೆಯುವ ಮೊದಲು ಎಲ್ಲ ಕಡೆ ಕೇಳಿ.

ಆದರೆ ಸಾಧ್ಯ ಆದರೆ ಜುಲೈಯಲ್ಲಿ ಒಮ್ಮೆ ಭಟ್ಕಳಕ್ಕೆ ಬನ್ನಿ. ಕೊಡೆ ಮಡಚಿ ಖೇತಪೈ ದೇವಸ್ಥಾನದ ಜಾಲರಿಯ ಒಳಗೆ ನಿಂತುಕೊಳ್ಳಿ. ಹೊರಗೆ ಸುರಿಮಳೆ, ಕಲ್ಲಿನ ಸೂರಿನಿಂದ ನೀರು ಪರದೆಯ ಹಾಗೆ ಬೀಳುತ್ತಿರುತ್ತದೆ. ನೀವು ನಿಂತ ನೆಲ ಒಣಗಿಯೇ ಇರುತ್ತದೆ.